ಜಾಗ ಅವರದು, ಮಣ್ಣು ನಮ್ಮದು

ಜನವರಿ ೯

ಟೇಪಣ್ಣನಿಗೆ,

ನಿನ್ನ ಪಕ್ಕದ ಅಂಗಡಿಯವನ ನಮಸ್ಕಾರ. ನಿನ್ನ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಕೊಂಡು ಒಂದು ಕಟಿಂಗ್ ಶಾಪ್ ಇತ್ತು, ಅದರಲ್ಲಿ ದಿನವಿಡೀ ಬಾಯಿ ಮುಚ್ಚದ ಒಬ್ಬ ಇದ್ದ, ಅವನಿಗೆ ರೇಡಿಯೋ ಎಂದು ಹೆಸರಿಟ್ಟವನು ನೀನೇ. ಇಷ್ಟಾದರೂ ನೆನಪಿರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ನಿನ್ನ ಮಗಳು, ಅವಳನ್ನು ಬೈಯಬೇಡ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದ ಬಂದರೆ ಓದದೆ ಇರಲಾರೆ ಎಂದು ಅವಳೇ ಉಪಾಯ ಹೇಳಿಕೊಟ್ಟಳು.

ಮಳೆಗಾಲದಲ್ಲಿ ನೀನು ಅಂಗಡಿ ಖಾಲಿ ಮಾಡಿದ ದಿನ ನಾನು ಒಬ್ಬ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದೆ. ಗಾಡಿಯ ಮೇಲೆ ನಿನ್ನ ಹೊಲಿಗೆ ಯಂತ್ರ ಹೋಗುವುದು ನನ್ನ ಕನ್ನಡಿಯಲ್ಲಿ ಕಾಣಿಸಿತು. ಬ್ರಷ್ ಕೆಳಗಿಟ್ಟು ಹೊರಗೆ ಬರುವಷ್ಟರಲ್ಲಿ ನೀನು ತಿರುವು ದಾಟಿದ್ದೆ. ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವನಿಗೆ ಬರುತ್ತೇನೆ ಎಂದು ಒಂದು ಮಾತು ಹೇಳಲು ನಿನಗೆ ಏನು ಕಷ್ಟವಾಗಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ನಿನ್ನ ಅಂಗಡಿಗೆ ಈಗ ಕೊರಿಯರ್‌ನವರು ಬಂದಿದ್ದಾರೆ. ಅವರಿಗೆ ಬೈಕು ನಿಲ್ಲಿಸಲು ಜಾಗ ಬೇಕಂತೆ. ಎರಡೂ ಅಂಗಡಿಗೆ ಸೇರಿದ ಹಿತ್ತಲಿಗೆ ಸಿಮೆಂಟ್ ಹಾಕಿಸುತ್ತೇನೆ ಎಂದು ಮಾಲೀಕರು ಬಂದರು. ಅಲ್ಲಿ ನಮ್ಮ ತೋಟವಿದೆ ಎಂದೆ. ಅವರು ಹಿಂಬಾಗಿಲು ತೆಗೆದರು. ಸೊಂಟದುದ್ದ ಹುಲ್ಲು. ನೀನು ಹೋದ ಮೇಲೆ ನಾನು ಆ ಬಾಗಿಲು ತೆಗೆದೇ ಇರಲಿಲ್ಲ, ಮನಸ್ಸು ಬಂದಿರಲಿಲ್ಲ. ಮಾಲೀಕರು ಹುಲ್ಲನ್ನೂ ನೋಡಿದರು, ನನ್ನನ್ನೂ ನೋಡಿದರು. ಕೆಟ್ಟ ಮನುಷ್ಯನಲ್ಲ, ನಿನಗೇ ಗೊತ್ತು. ಬೇಸಿಗೆ ಏರುವುದರೊಳಗೆ ಪಾತಿ ಮಾಡಿ ಏನಾದರೂ ಹಸಿರು ಬರಿಸಿ ತೋರಿಸಿದರೆ ಅರ್ಧ ಜಾಗ ಬಿಡುತ್ತೇನೆ ಎಂದಿದ್ದಾರೆ.

ನಾನು ಇಷ್ಟು ವರ್ಷ ಮಾಡಿದ್ದು ನೀರು ಹೊತ್ತದ್ದು, ಗೊಬ್ಬರ ಹೊತ್ತದ್ದು, ಮಾತಾಡಿದ್ದು. ಮಣ್ಣಿನ ತಲೆಬುಡ ಗೊತ್ತಿದ್ದದ್ದು ನಿನಗೆ ಮತ್ತು ಅತ್ತಿಗೆಗೆ. ಅವರನ್ನು ಕೇಳುವ ಭಾಗ್ಯ ಇಲ್ಲವಾಯಿತು, ನೀನಾದರೂ ಹೇಳು.

ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಪ್ರತಿ ವರ್ಷ ನಿನ್ನ ಅಂಗಡಿಯ ಹತ್ತಿ ಬಟ್ಟೆಯ ಚೂರುಗಳನ್ನು ಪಾತಿಯ ತಳಕ್ಕೆ ಹಾಸುತ್ತಿದ್ದೆವು, ಅದರ ಮೇಲೆ ಗೊಬ್ಬರ, ತರಗೆಲೆ. ಅತ್ತಿಗೆ ತೀರಿಕೊಂಡ ವರ್ಷ ನೀನು ಮಣ್ಣಲ್ಲಿ ಕೊಳೆಯದ ನೈಲಾನನ್ನು ಚೀಲಗಟ್ಟಲೆ ಸುರಿದೆ. ಮೊದಲ ಮಳೆಗೆ ಎಲ್ಲ ಮೇಲೆದ್ದಿತು. ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದೆ. ಅದಕ್ಕೆ ಯಾರಾದರೂ ಊರು ಬಿಡುತ್ತಾರೆಯೇ? ಗಿರಾಕಿಗಳ ಎದುರು ಕೇಳಬಾರದಿತ್ತು ಎನ್ನುವೆಯಾದರೆ, ಗಿರಾಕಿಗಳಿಲ್ಲದ ಹೊತ್ತು ನನಗೆ ಯಾವಾಗ ಇತ್ತು?

ಉತ್ತರ ಬರೆಯದಿದ್ದರೆ ನಾನೇ ನನಗೆ ತಿಳಿದಂತೆ ಅಗೆಯುತ್ತೇನೆ. ಆಮೇಲೆ ನಿನ್ನ ಹಣೆಬರಹ.

ರೇಡಿಯೋ

---

ಜನವರಿ ೨೦

ರೇಡಿಯೋಗೆ,

ನಿನಗೆ ತಿಳಿದಂತೆ ಅಗೆಯಬೇಡ.

ಹುಲ್ಲನ್ನು ಬೇರು ಸಮೇತ ಕೀಳು. ಬೇರಿಗೆ ಹಿಡಿದ ಮಣ್ಣನ್ನು ಅಲ್ಲೇ ಕೊಡವು. ಹುಲ್ಲನ್ನು ಸುಡಬೇಡ, ಮೂಲೆಯ ಗುಂಡಿಗೆ ಹಾಕು.

ಗುದ್ದಲಿ ಒಂದು ಗೇಣಿಗಿಂತ ಆಳ ಇಳಿಯಬಾರದು. ಮೇಲಿರುವ ಕಪ್ಪು ಮಣ್ಣು ನಾವು ಮಾಡಿದ್ದು. ಅದರ ಕೆಳಗಿನ ಹಳದಿ ಜೇಡಿ ಬಾಡಿಗೆಯ ಜಾಗದ ಜೊತೆ ಬಂದದ್ದು. ಕೆಳಗಿನದನ್ನು ಮೇಲೆ ತಂದರೆ ಅಷ್ಟೂ ವರ್ಷದ ಕೆಲಸ ತಲೆಕೆಳಗು. ಮಗುಚಬೇಡ, ಸಡಿಲಿಸು ಸಾಕು.

ಗುಂಡಿಯ ಗೊಬ್ಬರದಲ್ಲಿ ಕೈ ಹಾಕಿ ನೋಡು. ಬೆಚ್ಚಗಿದ್ದರೆ ಮುಟ್ಟಬೇಡ, ಬೇರು ಬೆಂದುಹೋಗುತ್ತದೆ. ತಣ್ಣಗಿದ್ದು ಕೈಗೆ ಅಂಟದೆ ಪುಡಿಯಾದರೆ ಹಾಕಬಹುದು. ಹಾಕಿದ ಮೇಲೆ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತು. ಉಂಡೆ ಆಗಬೇಕು, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು. ಒಡೆಯದಿದ್ದರೆ ನೀರು ಹೆಚ್ಚಾಗಿದೆ ಎಂದು ಅರ್ಥ, ಎರಡು ದಿನ ಬಿಡು. ನಿನಗೆ ತಾಳ್ಮೆ ಇಲ್ಲ, ಗೊತ್ತು. ಆದರೂ ಬಿಡು.

ಪಾತಿಯೊಳಗೆ ಕಾಲಿಡಬೇಡ. ಅಗಲ ಮೊದಲಿನಷ್ಟೇ ಇರಲಿ. ಎರಡೂ ಕಡೆಯಿಂದ ಅವಳ ಕೈ ನಡುವಿನವರೆಗೆ ಎಟುಕಬೇಕು ಎಂದು ಟೇಪು ಹಿಡಿದು ಅಳೆದದ್ದು ಅದು. ಹೆಗಲಿನಿಂದ ಬೆರಳ ತುದಿಗೆ. ನೀನು ಅಂದು ನಕ್ಕಿದ್ದೆ.

ಇಲ್ಲಿಯೂ ಮಗಳ ಮನೆಯ ಹಿಂದೆ ಸ್ವಲ್ಪ ಜಾಗವಿದೆ. ಮನೆ ಕಟ್ಟಿದವರು ಉಳಿದ ಗಾರೆ, ಇಟ್ಟಿಗೆ ಚೂರು ಎಲ್ಲ ಅಲ್ಲೇ ಹೂತು ಹೋಗಿದ್ದಾರೆ. ಒಮ್ಮೆ ಗುದ್ದಲಿ ಹಾಕಿದೆ, ಠಣ್ ಎಂದಿತು. ಆಮೇಲೆ ಅತ್ತ ಹೋಗಿಲ್ಲ.

ಮಗಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆರೋಗ್ಯ ಪರವಾಗಿಲ್ಲ.

ಟೇ.

---

ಫೆಬ್ರವರಿ ೨

ಟೇಪಣ್ಣ,

ಒಂದು ಅಕ್ಷರಕ್ಕೆ ಸಹಿ ಮುಗಿಸಿದ್ದೀಯಲ್ಲ, ಮಹಾರಾಯ, ಶಾಯಿ ಅಷ್ಟು ದುಬಾರಿಯೇ ಅಲ್ಲಿ?

ಹುಲ್ಲು ಕಿತ್ತಾಯಿತು. ನನ್ನ ಸೊಂಟವೂ ಕಿತ್ತುಹೋಯಿತು. ಇಡೀ ದಿನ ನಿಂತು ಕತ್ತರಿ ಆಡಿಸುವವನಿಗೆ ಬಗ್ಗಿ ಮಾಡುವ ಕೆಲಸದ ರುಚಿ ಗೊತ್ತಿಲ್ಲ. ನಾನು ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ಉಪದೇಶ ಮಾಡುತ್ತಿದ್ದಾಗ ನೀವಿಬ್ಬರೂ ಹೇಗೆ ಸಹಿಸಿದಿರೋ.

ಮೊದಲ ಪಾತಿಯ ಮಣ್ಣು ಸಡಿಲಿಸಿದೆ. ಟೇಪಣ್ಣ, ಆ ಮಣ್ಣನ್ನು ನೀನು ನೋಡಬೇಕಿತ್ತು. ಅಷ್ಟು ಹುಲ್ಲಿನ ಕೆಳಗೂ ಮೆತ್ತಗೆ, ಕಪ್ಪಗೆ, ಹಿಡಿಗೆ ನಾಲ್ಕು ಎರೆಹುಳು. ನಾವು ಬಾಡಿಗೆಗೆ ಬಂದ ವರ್ಷ ಅಲ್ಲಿ ಮೊಳೆ ಹೊಡೆದರೂ ಇಳಿಯುತ್ತಿರಲಿಲ್ಲ, ನೆನಪಿದೆಯೇ? ತರಕಾರಿ ಮಾರುವವರ ಹತ್ತಿರ ಕೊಳೆತ ಎಲೆ ಬೇಡಿ ತರುತ್ತಿದ್ದೆವು. ನಾನು ಅಂಗಡಿ ಗುಡಿಸಿದ ಕೂದಲೆಲ್ಲ ಗುಂಡಿಗೇ ಹೋಗುತ್ತಿತ್ತು. ನಿಮ್ಮ ಬದನೆಕಾಯಿಗೆ ಎಲ್ಲಿ ಮೀಸೆ ಬರುತ್ತದೋ ಎಂದು ಮಾಲೀಕರ ಹೆಂಡತಿ ಕಾಯಿ ಇಸಿದುಕೊಳ್ಳಲೇ ಹೆದರಿದ್ದರು.

ಅಗೆಯುವಾಗ ಬಟ್ಟೆಯ ಚೂರುಗಳೂ ಬಂದವು. ಬುಟ್ಟಿ ತುಂಬ. ಒಂದನ್ನೂ ಎಸೆಯಲಾಗಲಿಲ್ಲ, ಬೈಯುತ್ತಲೇ ತೊಳೆದು ಒಣಗಿಸಿದೆ. ನೇರಳೆ ಬಣ್ಣದ ಮಿರಮಿರ ಮಿಂಚುವುದು ಬ್ಯಾಂಡ್‌ನವರ ಕೋಟಿನದು. ಕೊಳಲೂದುವವನ ಹೊಟ್ಟೆ ಬೆಳೆದು ನೀನು ಮೂರು ಸಲ ಬಿಚ್ಚಿ ಹೊಲಿದಿದ್ದೆ. ನೀಲಿಯದು ಬಸ್ ಕಂಡಕ್ಟರುಗಳದು. ಇನ್ನೊಂದು ತೆಳು ಹಳದಿ, ಅದು ನಿನ್ನ ಮಗಳು ಶಾಲೆಯ ನಾಟಕದಲ್ಲಿ ಚಿಟ್ಟೆಯಾದಾಗಿನ ರೆಕ್ಕೆಯ ಬಟ್ಟೆ. ಅದು ಎಷ್ಟು ಹಳೆಯ ಚೂರು! ಯಾವ ಮೂಲೆಯಲ್ಲಿ ಇತ್ತೋ ಏನೋ.

ಅದನ್ನು ಒಣಹಾಕುತ್ತ ಅತ್ತಿಗೆ ಕಣ್ಣ ಮುಂದೆ ಬಂದರು. ಮಧ್ಯಾಹ್ನ ಗಿರಾಕಿಗಳು ಕಮ್ಮಿಯಾದಾಗ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರಲ್ಲ, ಮಡಿಲ ತುಂಬ ಚೂರುಗಳು, ಬೆರಳು ಅದರಲ್ಲಿ ಆಡುತ್ತಲೇ ಇರುತ್ತಿತ್ತು. ನಾನು ಎದುರಿಗೆ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ಹೌದಾ, ಹೌದಾ ಎನ್ನುತ್ತಿದ್ದರು. ಈಗ ಆ ಮೆಟ್ಟಿಲ ಮೇಲೆ ಒಬ್ಬನೇ ಕೂತು ಯಾರಿಗೆ ಸುದ್ದಿ ಹೇಳಲಿ?

ಒಂದು ಮಾತು ನೇರವಾಗಿ ಕೇಳುತ್ತೇನೆ. ಅಷ್ಟು ವರ್ಷ ಪಾತಿಯಲ್ಲಿ ಒಂದು ಎಳೆ ನೈಲಾನ್ ಸಿಕ್ಕಿರಲಿಲ್ಲ. ಆ ವರ್ಷ ಮಾತ್ರ ಚೀಲಗಟ್ಟಲೆ ಹೇಗೆ ಬಂತು? ನೀನು ಬೇಕೆಂದೇ ಹಾಕುವವನಲ್ಲ. ಮತ್ತೆ ಏನಾಯಿತು?

ಉತ್ತರ ಬರೆ. ಎರಡು ಅಕ್ಷರದ ಸಹಿ ಹಾಕು.

ನಿನ್ನ ರೇಡಿಯೋ

---

ಫೆಬ್ರವರಿ ೧೪

ರೇಡಿಯೋ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಎರಡು ಸಲ ಬರೆದು ಹರಿದೆ.

ಚೂರುಗಳನ್ನು ಆರಿಸುತ್ತಿದ್ದವಳು ಅವಳು. ಹತ್ತಿಯದನ್ನು ಒಂದು ಚೀಲಕ್ಕೆ, ಉಳಿದದ್ದನ್ನು ಇನ್ನೊಂದಕ್ಕೆ. ಆ ಇನ್ನೊಂದು ಚೀಲವನ್ನು ಏನು ಮಾಡುತ್ತಿದ್ದಳೋ, ನೆಲ ಒರೆಸುವವರಿಗೆ ಕೊಡುತ್ತಿದ್ದಳೋ, ಮಂಚದ ಕೆಳಗೆ ತುರುಕುತ್ತಿದ್ದಳೋ, ನನಗೆ ಗೊತ್ತಿರಲಿಲ್ಲ. ಆರಿಸುತ್ತಾಳೆ ಎಂಬುದೇ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ನಿನ್ನ ಹರಟೆ ಕೇಳುತ್ತಾಳೆ ಎಂದು ತಿಳಿದಿದ್ದೆ. ಹೊತ್ತು ಕಳೆಯಲು ಏನಾದರೂ ಹಿಡಿದುಕೊಂಡಿದ್ದಾಳೆ ಎಂದುಕೊಂಡಿದ್ದೆ. ಬೇಸಿಗೆ ಮುಗಿಯುವಾಗ ಬಾಗಿಲ ಬಳಿ ಚೀಲ ಸಿದ್ಧವಿರುತ್ತಿತ್ತು. ನಾನು ಎತ್ತಿಕೊಂಡು ಹೋಗಿ ಸುರಿಯುತ್ತಿದ್ದೆ. ಮಣ್ಣು ತಿಳಿದವನು ಎಂದು ನೀವೆಲ್ಲ ನನ್ನನ್ನು ಹೊಗಳುತ್ತಿದ್ದಿರಿ.

ಅವಳು ಹೋದ ವರ್ಷವೂ ಚೀಲಗಳು ಇದ್ದವು. ಮಂಚದ ಕೆಳಗಿನದು, ಬಾಗಿಲ ಬಳಿಯದು, ಎಲ್ಲವನ್ನೂ ತಂದು ಸುರಿದೆ. ಯಾವುದು ಏನೆಂದು ಬಿಚ್ಚಿಯೂ ನೋಡಲಿಲ್ಲ. ಜೀವಮಾನವಿಡೀ ಬಟ್ಟೆ ಮುಟ್ಟಿದವನು ನಾನು, ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿದರೆ ಹತ್ತಿಯೋ ನೈಲಾನೋ ಹೇಳುತ್ತೇನೆ. ಮುಟ್ಟಬೇಕೆಂದೇ ಹೊಳೆಯಲಿಲ್ಲ.

ಮಳೆ ಬಂತು. ನೀನು ಬಾಗಿಲಲ್ಲಿ ನಿಂತು ಕೂಗಿದೆ. ನಾನು ಹಿತ್ತಲಿಗೆ ಬಂದು ನೋಡಿದೆ, ಪಾತಿಯ ಮೇಲೆಲ್ಲ ಬಣ್ಣ ಬಣ್ಣದ ಚೂರುಗಳು. ಅವಳು ಮೆಟ್ಟಿಲ ಮೇಲೆ ಕೂತು ಅಷ್ಟು ವರ್ಷ ಏನು ಮಾಡುತ್ತಿದ್ದಳು ಎಂದು ಆಗ ಗೊತ್ತಾಯಿತು. ಆ ಕ್ಷಣದಲ್ಲಿ ಗೊತ್ತಾಯಿತು. ಹಿಂದೆ ನಿನ್ನ ಗಿರಾಕಿಗಳು ನಗುತ್ತಿದ್ದರು.

ನಿನ್ನ ಮೇಲೆ ಸಿಟ್ಟಲ್ಲ ಕಣೋ. ಸಿಟ್ಟು ಎಂದುಕೊಂಡೇ ಬಂದೆ, ಅದು ಸುಲಭವಿತ್ತು. ಆ ಹಿತ್ತಲನ್ನು ನೋಡುತ್ತ ಇನ್ನೊಂದು ದಿನ ಇರಲು ನನ್ನಿಂದ ಆಗಲಿಲ್ಲ. ಅವಳಿಗೆ ಒಂದು ಸಲ ಕೂಡ ನಾನು ಏನೂ ಹೇಳಿಲ್ಲ. ಚೆನ್ನಾಗಿ ಆರಿಸಿದ್ದೀಯ ಎಂದಿಲ್ಲ.

ಗೊಬ್ಬರ ಹಾಕಿ ಆಗಿದ್ದರೆ ಸೊಪ್ಪಿನ ಬೀಜ ಚೆಲ್ಲು. ಬೇಗ ಹಸಿರು ಕಾಣುವುದು ಅದೇ. ಮೇಲೆ ತೆಳ್ಳಗೆ ಮಣ್ಣು ಉದುರಿಸು, ಕೈಯಿಂದ ಒತ್ತಬೇಡ.

ಟೇಪು

---

ಮಾರ್ಚ್ ೬

ಟೇಪಣ್ಣ,

ನಿನ್ನ ಕಾಗದ ಬಂದ ದಿನ ಅರ್ಧ ಗಡ್ಡ ಮುಗಿದಿದ್ದ ಗಿರಾಕಿಯನ್ನು ಕೂರಿಸಿಟ್ಟು ಒಳಗೆ ಹೋಗಿ ಓದಿದೆ. ಹೊರಗೆ ಬಂದು, ಬೋಳಿಸಿ ಮುಗಿದಿದ್ದ ಕಡೆಗೇ ಮತ್ತೆ ಸೋಪು ಹಚ್ಚಿದೆ. ಅವನು ನನ್ನ ಮುಖ ನೋಡಿ, ಉಳಿದರ್ಧ ನಾಳೆ ನೋಡೋಣ ಎಂದು ಎದ್ದೇ ಹೋದ.

ನಿನಗೆ ಗೊತ್ತಿರಲಿಲ್ಲ ಸರಿ. ನೀನು ಯಂತ್ರದ ಮುಂದೆ ಕೂತಿರುತ್ತಿದ್ದೆ, ಬೆನ್ನು ಹಿತ್ತಲಿಗೆ. ನಾನು ಅವರ ಎದುರಿಗೇ ಕೂತಿರುತ್ತಿದ್ದೆನಲ್ಲ! ನನ್ನ ಬಾಯಿ ಮುಚ್ಚಿದ್ದಿದ್ದರೆ ಕಣ್ಣಿಗೆ ಕಾಣಿಸುತ್ತಿತ್ತೇನೋ. ಅಂದು ನಿನ್ನ ಮೇಲೆ ಕೂಗಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

ಕೆಟ್ಟ ಸುದ್ದಿ ಈಗ ಹೇಳುತ್ತೇನೆ. ಸೊಪ್ಪು ಎರಡೆಲೆ ಬಿಟ್ಟಿತ್ತು. ಪಾತಿಗಳು ನಿನ್ನ ಅಳತೆಯಲ್ಲೇ, ದಾರ ಹಿಡಿದ ಹಾಗೆ ನೇರ. ತೋರಿಸೋಣ ಎಂದು ಮಾಲೀಕರನ್ನು ನಾನೇ ಕರೆದೆ. ಅವರು ನೋಡಿದರು, ಚೆನ್ನಾಗಿದೆ ಎಂದರು, ಆಮೇಲೆ ನೆಲ ನೋಡುತ್ತ ನಿಂತರು. ಹಿತ್ತಲು ಪೂರ್ತಿ ಸಿಗದಿದ್ದರೆ ಅಂಗಡಿಯೂ ಬೇಡ ಎಂದು ಕೊರಿಯರ್‌ನವರು ಹೇಳಿದ್ದಾರಂತೆ. ಇವರಿಗೆ ಆ ಬಾಡಿಗೆ ಬೇಕು. ಮಾತು ಕೊಟ್ಟಿದ್ದಿರಿ ಎಂದು ಜೋರಾಗಿಯೇ ಕೇಳಿದೆ. ಪಾಪ, ಅವರಿಗೂ ಮುಜುಗರವಾಗಿ ದನಿ ಏರಿತು.

"ಜಾಗ ನಂದಲ್ವೇನ್ರೀ?"

"ಜಾಗ ನಿಮ್ದೇ ಸಾರ್. ಮಣ್ಣು ನಮ್ದು."

ಅವರು ನಕ್ಕುಬಿಟ್ಟರು. ಹಾಗಾದರೆ ನಿಮ್ಮ ಮಣ್ಣನ್ನು ನೀವು ತೆಗೆದುಕೊಂಡು ಹೋಗಿ ಎಂದರು. ತಮಾಷೆಗೆ ಹೇಳಿದ್ದು, ನನಗೆ ಗೊತ್ತು. ಆದರೆ ನಾನು ಅದನ್ನು ಹಾಗೆಯೇ ಹಿಡಿದುಕೊಂಡಿದ್ದೇನೆ.

ತೆಗೆದುಕೊಂಡೇ ಹೋಗುತ್ತೇನೆ, ಟೇಪಣ್ಣ. ಒಂದು ಗೇಣು ಆಳ, ಪಾತಿಯ ಅಷ್ಟೂ ಉದ್ದ, ಹಳದಿ ಜೇಡಿ ಕಾಣುವವರೆಗೆ. ಗೋಣಿಚೀಲ ಹೊಂದಿಸಿದ್ದೇನೆ. ತರಕಾರಿ ಲಾರಿಯವನು ನನ್ನ ಗಿರಾಕಿ, ಇಲ್ಲಿ ಇಳಿಸಿ ಖಾಲಿ ಗಾಡಿಯಲ್ಲಿ ನಿಮ್ಮ ಊರಿನ ಮೇಲೆಯೇ ಹೋಗುತ್ತಾನೆ. ಮಗಳ ಹಿತ್ತಲಿನಲ್ಲಿ ಹಾಕು. ಆ ಇಟ್ಟಿಗೆ ಚೂರು, ಗಾರೆ ಎಲ್ಲ ತೆಗೆದು ತಳ ಸಡಿಲಿಸಿ ಇಡು. ನಿನಗೆ ನಾನು ಹೇಳಿಕೊಡುವ ಕಾಲ ಬಂತಲ್ಲ, ನೋಡು.

ಎರಡೆಲೆಯ ಸೊಪ್ಪನ್ನು ಮಣ್ಣಿನ ಜೊತೆಯೇ ಅಗೆಯಬೇಕಾಗುತ್ತದೆ. ಆ ಪಾತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ರೇಡಿಯೋ

---

ಮಾರ್ಚ್ ೧೫

ಚಿಕ್ಕಪ್ಪನಿಗೆ ನಮಸ್ಕಾರಗಳು.

ಅಪ್ಪ ಬರೆಯುತ್ತಾರೆ ಎಂದು ಕಾದೆ. ಬರೆಯುವ ಹಾಗೆ ಕಾಣುವುದಿಲ್ಲ, ಕೈಯಲ್ಲಿ ಗುಳ್ಳೆ ಎದ್ದಿದೆ. ನಿಮ್ಮ ಕಾಗದ ಬಂದ ಮರುದಿನ ಬೆಳಿಗ್ಗೆಯೇ ಪಿಕಾಸಿ ಕೇಳಿದರು. ಇಲ್ಲಿಗೆ ಬಂದಾಗಿನಿಂದ ಕೋಣೆ ಬಿಟ್ಟು ಹೊರಗೆ ಬರಲು ನಾನು ಕಾಡಿ ಬೇಡಬೇಕಿತ್ತು. ಈಗ ಊಟಕ್ಕೆ ಒಳಗೆ ಬನ್ನಿ ಎಂದು ಬೇಡುತ್ತಿದ್ದೇನೆ. ಹಿತ್ತಲಿನಿಂದ ತೆಗೆದ ಇಟ್ಟಿಗೆ, ಗಾರೆ ಗುಡ್ಡೆ ಬಿದ್ದಿದೆ. ನನ್ನ ಯಜಮಾನರು ಸಹಾಯಕ್ಕೆ ಹೋದರೆ, ಒಂದು ಗೇಣು, ಅದಕ್ಕಿಂತ ಜಾಸ್ತಿ ಬೇಡ ಎಂದು ಗದರುತ್ತಾರೆ.

ಮೊನ್ನೆ ಪಾತಿಯ ಅಗಲ ಗುರುತು ಹಾಕುವಾಗ ನನ್ನನ್ನು ಕರೆದು ಕೈ ಚಾಚು ಎಂದರು. ಅಳೆದರು. ನಿನ್ನ ಕೈ ಅಮ್ಮನದಕ್ಕಿಂತ ಸ್ವಲ್ಪ ಉದ್ದ ಎಂದರು. ಅಮ್ಮ ಹೋದ ಮೇಲೆ ಅವರು ಅಮ್ಮನ ಮಾತೆತ್ತಿದ್ದು ಅದೇ ಮೊದಲು.

ಚಿಕ್ಕಪ್ಪ, ಮಣ್ಣಿನ ಜೊತೆ ನೀವೂ ಬನ್ನಿ. ಅಪ್ಪನಿಗೆ ಯಾರನ್ನೂ ಬಾ ಎಂದು ಕರೆಯಲು ಬರುವುದಿಲ್ಲ. ಅದಕ್ಕೇ ನಾನು ಕರೆಯುತ್ತಿದ್ದೇನೆ.

ನಿಮ್ಮ ಮಗಳು

---

ಮಾರ್ಚ್ ೨೩
(ಲಾರಿಯವನ ಕೈಯಲ್ಲಿ)

ಟೇಪಣ್ಣ,

ಮಣ್ಣು ಕಳಿಸಿದ್ದೇನೆ. ಚೀಲಗಳ ಬಾಯಿಯನ್ನು ನಾನೇ ಹೊಲಿದಿದ್ದೇನೆ, ಹೊಲಿಗೆ ನೋಡಿ ನಗಬೇಡ. ಬಿಸಿಲಿಗೆ ಇಡಬೇಡ, ಹುಳುಗಳು ಜೀವಂತ ಇವೆ. ಮಾಲೀಕರು ಕೊನೆಗೆ ತಾವೇ ಒಂದು ಚೀಲ ಹಿಡಿದು ಲಾರಿಗೆ ಏರಿಸಿದರು.

ಮಗಳು ನನ್ನನ್ನೂ ಕರೆದಿದ್ದಾಳೆ. ಅವಳ ಪ್ರೀತಿ ದೊಡ್ಡದು. ಆದರೆ ಜಗಳವಾಡಿದ್ದು ನಾನು ಅವಳ ಜೊತೆಯಲ್ಲ. ನೀನು ಎಲ್ಲ ಬರೆದೆ, ಗುದ್ದಲಿ ಎಷ್ಟು ಆಳ, ಬೀಜದ ಮೇಲೆ ಮಣ್ಣು ಎಷ್ಟು ತೆಳು, ಎಲ್ಲ. ಬಾ ಎಂದು ಮಾತ್ರ ಬರೆಯಲಿಲ್ಲ. ಅದಕ್ಕೇ ಮಣ್ಣು ಮಾತ್ರ ಬರುತ್ತಿದೆ.

ರೇಡಿಯೋ

---

ಮಾರ್ಚ್ ೨೬

ರೇಡಿಯೋ,

ಲಾರಿ ಬಂದಾಗ ನಾನು ಗೇಟಿನಲ್ಲೇ ನಿಂತಿದ್ದೆ. ಬೆಳಿಗ್ಗೆಯಿಂದ ನಿಂತಿದ್ದೆ. ಡ್ರೈವರ್ ಒಬ್ಬನೇ ಇಳಿದ. ಆ ಕಡೆಯ ಬಾಗಿಲನ್ನು ನಾನೇ ತೆಗೆದು ನೋಡಿದೆ. ಖಾಲಿ ಸೀಟು. ಇನ್ನೊಬ್ಬರು ಎಲ್ಲಿ ಎಂದು ಕೇಳಿದೆ. ಬರಲ್ಲ ಅಂದ್ರು ಎಂದು ಚೀಟಿ ಕೊಟ್ಟ.

ಚೀಲಗಳ ಹೊಲಿಗೆ ನೋಡಿದೆ. ಇಪ್ಪತ್ತು ವರ್ಷ ದರ್ಜಿಯ ಪಕ್ಕ ಕೂತು ನೀನು ಕಲಿತದ್ದು ಇಷ್ಟೇ ಎಂದು ಗೊತ್ತಾಯಿತು.

ನಾನೂ ಮಗಳೂ ಎರಡು ದಿನ ಮಣ್ಣು ಹರಡಿದೆವು. ಕಪ್ಪು ಮಣ್ಣು ಬಿದ್ದ ಮೇಲೆ ಆ ಜಾಗ ಬೇರೆಯೇ ಆಯಿತು. ಕೊನೆಯ ಚೀಲ ಸುರಿದು ಸಮ ಮಾಡುವಾಗ ಎರಡೂ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ತೆಗೆಯಲು ಆಗಲಿಲ್ಲ. ಅವಳು ಮುಟ್ಟಿದ ಮಣ್ಣು. ಅವಳು ಹೋದಾಗ ನಾನು ಅಳಲಿಲ್ಲ, ನೀನೇ ಅತ್ತೆ, ನನ್ನ ಪಾಲಿನದನ್ನೂ ಅತ್ತೆ. ಮೊನ್ನೆ ಅತ್ತೆ, ರೇಡಿಯೋ. ಮಗಳು ಬಂದು ಪಕ್ಕದಲ್ಲಿ ಕೂತಳು.

ಸ್ವಲ್ಪ ಹೊತ್ತಾದ ಮೇಲೆ, "ಏನು ಹಾಕೋಣ ಅಪ್ಪಾ?" ಎಂದಳು. ಅದನ್ನು ಹೇಳುತ್ತಿದ್ದವಳು ಅವಳಮ್ಮ. ನಾನು ಮಣ್ಣು ಮಾಡುತ್ತಿದ್ದೆ, ನೀನು ನೀರು ಹೊರುತ್ತಿದ್ದೆ, ಏನು ಬೆಳೆಯಬೇಕು ಎಂದು ಅವಳು ಹೇಳುತ್ತಿದ್ದಳು. ಇನ್ನು ನೀನೇ ಹೇಳು ಎಂದೆ. ಮಗಳು ಒಂದು ಪಾತಿಗೆ ಬದನೆ ಹಾಕಿದ್ದಾಳೆ. ಇನ್ನೊಂದನ್ನು ಹಾಗೆಯೇ ಬಿಟ್ಟಿದ್ದೇನೆ, ಅದು ನಿನ್ನದು. ಅಲ್ಲಿ ಒಂದು ಹಿಡಿ ಮಣ್ಣನ್ನೂ ನೀನು ಉಳಿಸಿಕೊಂಡಿಲ್ಲ ಎಂದು ಡ್ರೈವರ್ ಹೇಳಿದ. ನಿನ್ನ ಹಿಂಬಾಗಿಲು ತೆಗೆದರೆ ಇನ್ನು ಸಿಮೆಂಟು. ಅದನ್ನು ಯೋಚಿಸಿ ನಿನ್ನೆ ಊಟ ಸೇರಲಿಲ್ಲ.

ಬಾ.

ಮಗಳು ಹೇಳಿಕೊಟ್ಟು ಬರೆಯುತ್ತಿರುವುದಲ್ಲ, ನಾನೇ ಬರೆಯುತ್ತಿದ್ದೇನೆ. ಅಂದು ಹೇಳದೆ ಹೊರಟದ್ದು ತಪ್ಪಾಯಿತು. ನಿನ್ನ ಅಂಗಡಿಗೆ ರಜೆ ಇರುವ ದಿನ ಬೆಳಗಿನ ಬಸ್ಸು ಹಿಡಿ. ನಾನು ನಿಲ್ದಾಣಕ್ಕೆ ಬಂದಿರುತ್ತೇನೆ. ನಿನಗೆ ನನ್ನ ಗುರುತು ಸಿಗಲಿಕ್ಕಿಲ್ಲ. ಇಲ್ಲಿ ಬೀದಿಗೆ ಎರಡು ಕಟಿಂಗ್ ಶಾಪ್ ಇವೆ, ಮಗಳು ಬೈದು ಬೈದು ಸಾಕಾದಳು. ಹೋಗಿ ಕುರ್ಚಿಯ ಮೇಲೆ ಕೂರುತ್ತೇನೆ, ಅವನು ಬಟ್ಟೆ ಹೊದಿಸುತ್ತಾನೆ, ಎದ್ದು ಬಂದುಬಿಡುತ್ತೇನೆ. ಕೂದಲು ಹೆಗಲಿಗೆ ಬಂದಿದೆ. ಕತ್ತರಿ ಮರೆಯದೆ ತಾ.

ನಿನ್ನ
ಟೇಪಣ್ಣ